ಕಂದು ರೋಗ ಮತ್ತು ಅದರ ಲಸಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ದನಗಾರರು, ಕುರಿಗಾರರು, ಹಾಲಿನ ಸೊಸೈಟಿಯವರು ಮತ್ತು ಲಸಿಕೆ ಹಾಕಲು ಹೋಗುವ ಹುಡುಗರು ಕೇಳುವ ಪ್ರಶ್ನೆಗಳು ಇಲ್ಲಿವೆ. ಬಹಳಷ್ಟನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇವೆ.

ಕಂದು ರೋಗ ಅಂದ್ರ ಏನು? ಎಮ್ಮಿ ಕಂದ ಹಾಕಿದ್ದೆಲ್ಲಾ ಅದನ?

ಅಲ್ಲ. ಜಾರಿ ಬಿದ್ದರೂ, ಹಾಯ್ದಾಟದಲ್ಲಿ ಪೆಟ್ಟು ತಿಂದರೂ, ಬೇರೆ ಸೋಂಕು ತಗುಲಿದರೂ ದನ ಕಂದು ಹಾಕುತ್ತದೆ, ಅಂದರೆ ಹೊಟ್ಟೆಯ ಕರು ದಿನ ತುಂಬುವ ಮೊದಲೇ ಬೀಳುತ್ತದೆ. ಆದರೆ ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಕಂದು ಬಿದ್ದು, ಮಾಸು ಬೀಳದೆ ನಿಂತು, ಅದೇ ಕೊಟ್ಟಿಗೆಯಲ್ಲಿ ಇನ್ನೊಂದಕ್ಕೂ ಹಾಗೇ ಆದರೆ ಮೊದಲ ಅನುಮಾನ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಮೇಲೆ ಹೋಗಬೇಕು. ಆಕಳು, ಎಮ್ಮೆಗಳಲ್ಲಿ ಹೆಚ್ಚಾಗಿ ಬ್ರುಸೆಲ್ಲಾ ಅಬಾರ್ಟಸ್ ಇರುತ್ತದೆ, ಕುರಿ, ಆಡುಗಳಲ್ಲಿ ಬ್ರುಸೆಲ್ಲಾ ಮೆಲಿಟೆನ್ಸಿಸ್. ಮನುಷ್ಯನನ್ನು ಹೆಚ್ಚು ಹಣ್ಣು ಮಾಡುವುದು ಎರಡನೆಯದು.

ಮನುಷ್ಯರಲ್ಲಿ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಅಂಗಿ ತೊಯ್ಯುವಷ್ಟು ಬೆವರು, ಸೊಂಟ ಮತ್ತು ಕೀಲು ಹಿಡಿದುಕೊಳ್ಳುವುದು, ಗಂಡಸರಿಗೆ ವೃಷಣದ ಬಾವು. ಸಾಯಿಸುವುದು ಅಪರೂಪ, ದುಡಿಯಲಾಗದಂತೆ ಮಾಡುವುದು ಸಾಮಾನ್ಯ. ಈ ರೋಗದ ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡದಿರಲು ಅದೂ ಒಂದು ಕಾರಣ.

ನಮ್ಮ ಕಡೆ ಖರೇನ ಐತೇನು ಇದು?

ಇದೆ, ಮತ್ತು ದಾಖಲೆಯಲ್ಲಿದೆ. ವಿಜಯಪುರದಲ್ಲಿ 16 ವರ್ಷ ಕಂಡ 495 ವಯಸ್ಕ ರೋಗಿಗಳ ವಿವರ 2006ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದೆ. ರೋಗಿಗಳ ರಕ್ತದಲ್ಲಿ ಬೆಳೆದು ಸಿಕ್ಕ ರೋಗಾಣು ಬಹುತೇಕ ಮೆಲಿಟೆನ್ಸಿಸ್. ಅಂದರೆ ದಾರಿ ಹೆಚ್ಚಾಗಿ ಕುರಿ, ಆಡುಗಳ ಕಡೆಯಿಂದ ಬಂದದ್ದು. ಈ ಮಾತನ್ನು ನೆನಪಿಡಿ, ಕೆಳಗೆ ಮತ್ತೆ ಬರುತ್ತದೆ.

ಊರ ದವಾಖಾನೆಗಳಲ್ಲಿ ಇದು ಟೈಫಾಯ್ಡ್, ಮಲೇರಿಯಾ, ಸಂಧಿವಾತ, ಬೆನ್ನುಮೂಳೆಯ ಟಿಬಿ ಎಂದೆಲ್ಲ ಓಡಾಡುತ್ತದೆ. ಎರಡು ವಾರ ದಾಟಿದ ಜ್ವರವಿದ್ದರೆ ಡಾಕ್ಟರಿಗೆ ತಾವಾಗಿಯೇ ಹೇಳಿ: "ಮನ್ಯಾಗ ದನ, ಕುರಿ ಅದಾವ್ರಿ, ಮೊನ್ನೆ ಒಂದು ಕಂದ ಹಾಕಿತ್ತು." ಈ ಒಂದು ಮಾತು ಎಷ್ಟೋ ಟೆಸ್ಟುಗಳ ಖರ್ಚು ಉಳಿಸುತ್ತದೆ.

ಮನಷ್ಯಾರಿಗೆ ಲಸಿಕಿ ಯಾಕಿಲ್ಲ?

ಒಂದು ಕಾಲಕ್ಕೆ ಕೆಲವು ಕಡೆ ಇತ್ತು. ಸೋವಿಯತ್ ಒಕ್ಕೂಟ 1950ರ ದಶಕದಿಂದ 19-ಬಿಎ ಎಂಬ ದುರ್ಬಲಗೊಳಿಸಿದ ಜೀವಂತ ರೋಗಾಣುವಿನ ತಳಿಯನ್ನು ಚರ್ಮ ಗೀರಿ ಹಾಕುತ್ತಿತ್ತು. ಚೀನಾ 104-ಎಂ ಎಂಬ ತಳಿಯನ್ನು ಬಳಸಿತು. ಎರಡೂ ದನದ ಲಸಿಕೆಯ ಅಣ್ಣತಮ್ಮಂದಿರೇ. ತೊಂದರೆ ಏನೆಂದರೆ, ಮೊದಲೇ ಬ್ರುಸೆಲ್ಲಾ ಮೈಗೆ ಸೋಕಿದವರಿಗೆ ಇಂಥ ಲಸಿಕೆ ಹಾಕಿದರೆ ಮೈ ಉರಿದೇಳುತ್ತದೆ, ಮತ್ತು ಲಸಿಕೆ ಬೇಕಾಗಿರುವವರು ಅವರೇ: ಕುರಿಗಾರ, ಕಟುಕ, ದನದ ಡಾಕ್ಟರು. ರಕ್ಷಣೆಯೂ ಬಹಳ ದಿನ ನಿಲ್ಲುತ್ತಿರಲಿಲ್ಲ. ಜಗತ್ತಿನಾದ್ಯಂತ ಒಪ್ಪಿಕೊಂಡ, ಯಾರಿಗೂ ಹಾಕಬಹುದಾದ ಮನುಷ್ಯರ ಲಸಿಕೆ ಇಂದಿಗೂ ಇಲ್ಲ.

ಹಾಗಾಗಿ ಮನುಷ್ಯನನ್ನು ಕಾಯಲು ಕರುವಿನ ಕುತ್ತಿಗೆಗೆ ಲಸಿಕೆ ಹಾಕುವುದೇ ಈಗಿರುವ ದಾರಿ.

ದನದ ಲಸಿಕಿ ಎಲ್ಲಿಂದ ಬಂತು? ಎಷ್ಟ ನಮೂನಿ ಅದಾವ?

ರೋಗಾಣುವನ್ನು ಮೊದಲು ಹಿಡಿದದ್ದು 1887ರಲ್ಲಿ, ಮಾಲ್ಟಾ ದ್ವೀಪದಲ್ಲಿ. ಜ್ವರದಿಂದ ಸತ್ತ ಬ್ರಿಟಿಷ್ ಸೈನಿಕರ ಗುಲ್ಮದಲ್ಲಿ ಡೇವಿಡ್ ಬ್ರೂಸ್ ಅದನ್ನು ಕಂಡ. ಅದು ಆಡಿನ ಹಾಲಿನಿಂದ ಬರುತ್ತದೆಂದು 1905ರಲ್ಲಿ ತೋರಿಸಿದ್ದು ಮಾಲ್ಟಾದವನೇ ಆದ ಥೆಮಿಸ್ಟೊಕ್ಲೆಸ್ ಝಮ್ಮಿತ್. ದನದ ಕಂದಿನಲ್ಲಿ ಇದರ ದಾಯಾದಿಯನ್ನು 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಗುರುತಿಸಿದ್ದ. ಎರಡೂ ಒಂದೇ ಕುಲದವು ಎಂದು 1918ರಲ್ಲಿ ಹೇಳಿದವಳು ಅಮೆರಿಕದ ಆಲಿಸ್ ಇವಾನ್ಸ್. ಅವಳ ಮಾತನ್ನು ಕೆಲವು ವರ್ಷ ಯಾರೂ ನಂಬಲಿಲ್ಲ.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಲಸಿಕೆಗಳು ಮೂರು, ಮೂರೂ ಜೀವಂತ.

ಎಸ್-19: 1923ರಲ್ಲಿ ಅಮೆರಿಕದ ಜಾನ್ ಬಕ್ ಜರ್ಸಿ ಆಕಳೊಂದರ ಹಾಲಿನಿಂದ ಬೇರ್ಪಡಿಸಿದ ತಳಿ. ಪ್ರಯೋಗಶಾಲೆಯ ಸಾಮಾನ್ಯ ಉಷ್ಣತೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದು ತಾನಾಗಿಯೇ ಸೌಮ್ಯವಾಯಿತು. ಮರೆತು ಬಿಟ್ಟ ಹೆಪ್ಪು ಒಳ್ಳೆಯದಾದ ಹಾಗೆ. ಭಾರತದಲ್ಲಿ ನಿಮ್ಮ ಕರುವಿಗೆ ಹಾಕುವುದು ಇದೇ.

ರೆವ್-1: 1950ರ ದಶಕದಲ್ಲಿ ಎಲ್‌ಬರ್ಗ್ ಮತ್ತು ಸಂಗಡಿಗರು ಮೆಲಿಟೆನ್ಸಿಸ್‌ನಿಂದ ಮಾಡಿದ್ದು, ಕುರಿ, ಆಡುಗಳಿಗೆ. ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೊಟಿಕ್ ಇದಕ್ಕೆ ತಾಗುವುದಿಲ್ಲ.

ಆರ್‌ಬಿ-51: ಅಮೆರಿಕ 1996ರಿಂದ ದನಗಳಿಗೆ ಬಳಸುತ್ತಿರುವುದು. ರಿಫಾಂಪಿಸಿನ್ ಎಂಬ ಆಂಟಿಬಯೊಟಿಕ್ ಇದಕ್ಕೆ ತಾಗುವುದಿಲ್ಲ. ಲಸಿಕೆ ಹಾಕಿದ ದನ ರಕ್ತಪರೀಕ್ಷೆಯಲ್ಲಿ ರೋಗಿಯಂತೆ ಕಾಣುವುದಿಲ್ಲ ಎಂಬುದು ಇದರ ಹೆಚ್ಚುಗಾರಿಕೆ. ಅದರ ಇನ್ನೊಂದು ಮುಖವೂ ಇದೆ: 2017ರಿಂದ 2019ರ ನಡುವೆ ಅಮೆರಿಕದಲ್ಲಿ ಹಸಿ ಹಾಲು ಕುಡಿದ ಕೆಲವರಿಗೆ ಈ ಲಸಿಕೆಯ ತಳಿಯೇ ಜ್ವರ ತಂದಿತು, ಮಾಮೂಲಿ ರಕ್ತಪರೀಕ್ಷೆಯಲ್ಲಿ ಅದು ಕಾಣುವುದೂ ಇಲ್ಲ.

ಮೂರು ಲಸಿಕೆ ಇರುವಾಗ ದೇಶ ದೇಶಗಳು ಕೂಡಿ ಹೊಸದನ್ನು ಹುಡುಕುವುದು ಯಾಕೆ?

ಹಳೆಯವು ಕೆಲಸ ಮಾಡುತ್ತವೆ. ಆಸ್ಟ್ರೇಲಿಯಾ 1989ರಲ್ಲಿ ದನದ ಬ್ರುಸೆಲ್ಲಾದಿಂದ ಮುಕ್ತವಾದದ್ದು ಎಸ್-19 ಹಾಕಿ, ಪರೀಕ್ಷೆ ಮಾಡಿ, ಸಿಕ್ಕಿಬಿದ್ದ ದನವನ್ನೆಲ್ಲ ಕಡಿದು. ಆ ಮೂರನೆಯ ಹೆಜ್ಜೆ ನಮ್ಮಲ್ಲಿ ಸಾಧ್ಯವಿಲ್ಲ. ಕಾನೂನೂ ಸುಲಭಕ್ಕೆ ಬಿಡುವುದಿಲ್ಲ, ಮನೆಯವರ ಮನಸ್ಸೂ ಒಪ್ಪುವುದಿಲ್ಲ. ಹೊರಗಿನ ಪುಸ್ತಕದ ಯೋಜನೆಯನ್ನು ಇಲ್ಲಿಗೆ ತಂದು ಇಳಿಸಿದಾಗ ಕೈಕೊಡುವುದು ಇಲ್ಲೇ. ಪಾಸಿಟಿವ್ ದನ ಕೊಟ್ಟಿಗೆಯಲ್ಲೇ ಉಳಿಯುವ ದೇಶಕ್ಕೆ ಲಸಿಕೆ ಇನ್ನೂ ಚೊಕ್ಕವಾಗಿರಬೇಕು.

ಎಸ್-19 ಹಾಕಿದ ನೂರು ದನಗಳಲ್ಲಿ ಸುಮಾರು 65ರಿಂದ 75ಕ್ಕೆ ಪೂರ್ಣ ರಕ್ಷಣೆ ಸಿಗುತ್ತದೆ ಎಂಬುದು ಬಹುಕಾಲದ ಲೆಕ್ಕ. ಗಬ್ಬದ ದನಕ್ಕೆ ಹಾಕಿದರೆ ಲಸಿಕೆಯೇ ಕಂದು ಹಾಕಿಸಬಹುದು. ಸೂಜಿ ಹಾಕುವವನ ಕೈಗೆ ಚುಚ್ಚಿದರೆ ಅವನಿಗೇ ರೋಗ. ಹೊಸ ಲಸಿಕೆಯಿಂದ ಕೇಳುವುದು ಇಷ್ಟು: ಗಬ್ಬಕ್ಕೂ ಧಕ್ಕೆಯಿಲ್ಲ, ಕೈಗೂ ಧಕ್ಕೆಯಿಲ್ಲ, ಲಸಿಕೆ ಹಾಕಿದ್ದನ್ನೂ ರೋಗ ತಗುಲಿದ್ದನ್ನೂ ಪರೀಕ್ಷೆಯಲ್ಲಿ ಬೇರೆ ಮಾಡಿ ನೋಡಬಹುದು, ಬಿಸಿಲಿಗೆ ಬೇಗ ಕೆಡುವುದಿಲ್ಲ.

ಕಂಪನಿಗಳು ತಾವಾಗಿ ಮುಂದೆ ಬರುವುದು ಕಡಿಮೆ, ಗಿರಾಕಿ ಬಡ ಕುರಿಗಾರನಾದ್ದರಿಂದ. ಅದಕ್ಕೇ 2016ರಲ್ಲಿ ಅಗ್‌ರಿಸಲ್ಟ್ಸ್ ಎಂಬ ಬಹುದೇಶಗಳ ಕಾರ್ಯಕ್ರಮ ಒಟ್ಟು 3 ಕೋಟಿ ಡಾಲರಿನ ಬಹುಮಾನ ಸ್ಪರ್ಧೆ ಹೂಡಿತು. ನಡೆಸುವ ಹೊಣೆ ಸ್ಕಾಟ್ಲೆಂಡಿನ ಗ್ಯಾಲ್ವ್‌ಮೆಡ್ ಸಂಸ್ಥೆಯದಾಗಿತ್ತು, ಗುರಿ ಕುರಿ, ಆಡಿನ ಮೆಲಿಟೆನ್ಸಿಸ್ ಲಸಿಕೆ. ಮೊದಲೇ ಅನುದಾನ ಕೊಟ್ಟು ಕಾಯುವ ಬದಲು, ಮೆಟ್ಟಿಲು ಹತ್ತಿದವರಿಗಷ್ಟೇ ದುಡ್ಡು ಎಂಬ ಪದ್ಧತಿ.

ಭಾರತದಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಲ್ಲಿ, ಹಳೆಯ ಎಸ್-19ರಿಂದಲೇ ಒಂದು ಜೀನ್ ಕತ್ತರಿಸಿ ಎಸ್-19 ಡೆಲ್ಟಾ ಪರ್ ಎಂಬ ತಳಿ ಮಾಡಿದೆ. ಕತ್ತರಿಸಿದ್ದು ಪೆರೋಸಮೈನ್ ಎಂಬ ಸಕ್ಕರೆಗೆ ಬೇಕಾದ ಜೀನ್. ರೋಗಾಣುವಿನ ಮೈಮೇಲಿನ ಈ ಸಕ್ಕರೆಯ ಸರಪಳಿಯನ್ನೇ ನಮ್ಮ ರಕ್ತಪರೀಕ್ಷೆಗಳು ಹುಡುಕುವುದು. ಸರಪಳಿ ತೆಗೆದರೆ ಪರೀಕ್ಷೆಯ ಗೊಂದಲ ಇಳಿಯುತ್ತದೆ. ಬೆಂಗಳೂರಿನ ಯಲಹಂಕದ ನಿವೇದಿ ಎಂಬ ಪಶುರೋಗ ಸಂಶೋಧನಾ ಸಂಸ್ಥೆ ರೋಗ ಪತ್ತೆಯ ಎಲೈಸಾ ಎಂಬ ಪರೀಕ್ಷೆಯ ಕಿಟ್ಟುಗಳ ಕೆಲಸ ಮಾಡುತ್ತದೆ. ಲಸಿಕೆ ಒಂದು ಕೈ, ಪರೀಕ್ಷೆ ಇನ್ನೊಂದು ಕೈ.

ಕೊರೋನಾ ಲಸಿಕಿ ವರ್ಷದಾಗ ಬಂತು. ಇದಕ್ಕ ಇಷ್ಟ್ಯಾಕ ತಡ?

ಲೆಕ್ಕ ಹಾಕಿ ನೋಡಿ. ಕರುವಿಗೆ ಆರನೇ ತಿಂಗಳಲ್ಲಿ ಲಸಿಕೆ. ಅದು ಮಣಕವಾಗಿ ಗಬ್ಬ ಕಟ್ಟಲು ಒಂದೂವರೆಯಿಂದ ಎರಡು ವರ್ಷ ವಯಸ್ಸು. ಗಬ್ಬ ಐದಾರು ತಿಂಗಳಾದಾಗ ಕಣ್ಣಿಗೆ ನಿಜವಾದ ರೋಗಾಣುವಿನ ಹನಿ ಹಾಕುತ್ತಾರೆ. ಅದಕ್ಕೆ 544 ಅಥವಾ 2308 ಎಂಬ ಗುರುತಿನ ತಳಿಗಳಿವೆ. ಆಮೇಲೆ ಈಯುತ್ತದೋ ಕಂದು ಹಾಕುತ್ತದೋ ಎಂದು ಕಾಯಬೇಕು. ಒಂದು ಸುತ್ತಿಗೆ ಎರಡು ವರ್ಷ. ಎಮ್ಮೆಯಾದರೆ ಇನ್ನೂ ಹೆಚ್ಚು, ಅದರ ಗಬ್ಬವೇ ಸುಮಾರು 310 ದಿನ. ಕುರಿಯದು ಐದು ತಿಂಗಳಾದ್ದರಿಂದ ಬೇಗ ಗೊತ್ತಾಗುತ್ತದೆ.

ಇದೆಲ್ಲ ಬಯಲಿನಲ್ಲಿ ನಡೆಯುವಂತಿಲ್ಲ. ಗಾಳಿಯೂ ಸೋಸಿಯೇ ಹೊರಗೆ ಹೋಗುವ ಮೂರನೇ ಹಂತದ ಭದ್ರತೆಯ ಕಟ್ಟಡದಲ್ಲಿ, ಅದೂ ದೊಡ್ಡ ದನ ಹಿಡಿಸುವಂಥದ್ದರಲ್ಲಿ ಮಾಡಬೇಕು. ಅಂಥ ಕಟ್ಟಡಗಳು ಜಗತ್ತಿನಲ್ಲೇ ಕಡಿಮೆ. ಒಂದು ದೇಶದಲ್ಲಿ ತಳಿ, ಇನ್ನೊಂದರಲ್ಲಿ ದನದ ಪರೀಕ್ಷೆ, ಮತ್ತೊಂದರಲ್ಲಿ ಕಾರ್ಖಾನೆ ಎಂದು ಹಂಚಿಕೊಳ್ಳದೆ ಗತಿಯಿಲ್ಲದಿರುವುದು ಇದಕ್ಕೇ. ಇಲಿಯ ಮೇಲೆ ಗೆದ್ದ ಎಷ್ಟೋ ಲಸಿಕೆಗಳು ಆಕಳ ಮುಂದೆ ಸೋತಿವೆ. "ಹೊಸ ಲಸಿಕೆ ಸಿದ್ಧ" ಎಂಬ ಸುದ್ದಿ ಓದಿದಾಗ ಮೊದಲು ಕೇಳಬೇಕಾದದ್ದು: ಯಾವ ಪ್ರಾಣಿಯ ಮೇಲೆ?

ಇಲ್ಲಿನ ರೋಗಿಯ ರಕ್ತದಲ್ಲಿ ಸಿಕ್ಕ ರೋಗಾಣುವನ್ನು ಹೊರದೇಶದ ಪ್ರಯೋಗಶಾಲೆಗೆ ಹಾಗೇ ಕಳಿಸಬಹುದೇ?

ಬರುವುದಿಲ್ಲ. ಬೆಳೆಸಿದ ಬ್ರುಸೆಲ್ಲಾ ಸಾಗಣೆಯಲ್ಲಿ ಅತಿ ಅಪಾಯದ ಎ ವರ್ಗಕ್ಕೆ ಸೇರುತ್ತದೆ, ಸಂಖ್ಯೆ ಯುಎನ್ 2814. ಸೋರದ ಸೀಸೆ, ಅದರ ಸುತ್ತ ಹೀರುವ ಹತ್ತಿ, ಸೋರದ ಎರಡನೇ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ ಬೇಕು. ಸಾಮಾನ್ಯ ಕೊರಿಯರ್ ಮುಟ್ಟುವುದಿಲ್ಲ. ಪರೀಕ್ಷೆಗೆ ಹೋಗುವ ರೋಗಿಯ ಸೀರಮ್ (ರಕ್ತದ ತಿಳಿ) ಮಾತ್ರವಾದರೆ ಯುಎನ್ 3373, ನಿಯಮ ಸ್ವಲ್ಪ ಸಡಿಲ.

ಕಾಗದದ ಕೆಲಸ ಬೇರೆ. ಮನುಷ್ಯರ ಆರೋಗ್ಯ ಸಂಶೋಧನೆಯಲ್ಲಿ ಹೊರದೇಶದವರು ಪಾಲುಗೊಂಡರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ರೋಗಾಣುವೂ 2002ರ ಜೈವಿಕ ವೈವಿಧ್ಯ ಕಾಯ್ದೆಯ ಕಣ್ಣಿನಲ್ಲಿ ದೇಶದ ಸಂಪನ್ಮೂಲವೇ. ಲಾಭ ಬಂದರೆ ಪಾಲು ಯಾರಿಗೆ ಎಂಬುದು ಕೊಡುವ ಮೊದಲೇ ಬರೆದಿರಬೇಕು. ಒಪ್ಪಂದಗಳು ತಿಂಗಳುಗಟ್ಟಲೆ ನಿಲ್ಲುವುದು ವಿಜ್ಞಾನದ ತೊಡಕಿನಿಂದಲ್ಲ, ಈ ಸಾಲುಗಳಿಂದ. ಅದಕ್ಕೆ ಈಗ ಎಷ್ಟೋ ಕಡೆ ಜೀವಂತ ರೋಗಾಣುವನ್ನು ಇಲ್ಲೇ ಇಟ್ಟುಕೊಂಡು ಅದರ ಜೀನೋಮ್ (ಜೀನ್‌ಗಳ ಪೂರ್ತಿ ಬರಹ) ಓದಿ ಹಂಚಿಕೊಳ್ಳುತ್ತಾರೆ.

ಲಸಿಕಿ 4ರಿಂದ 8 ತಿಂಗಳದಾಗ ಯಾಕ? ಆಮ್ಯಾಲ ಹಾಕಿಸಿದ್ರ ನಡಿಯೂದಿಲ್ಲೇನು?

2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಆಕಳು, ಎಮ್ಮೆಯ ಹೆಣ್ಣುಕರುವಿಗೆ ಈ ವಯಸ್ಸಿನಲ್ಲಿ ಒಮ್ಮೆ ಮಾತ್ರ ಹಾಕುತ್ತಾರೆ. ತೀರ ಎಳೆಗರುವಿನ ಮೈಯಲ್ಲಿ ಗಿಣ್ಣದಿಂದ ಬಂದ ತಾಯಿಯ ರಕ್ಷಣೆ ಇನ್ನೂ ಇರುತ್ತದೆ, ಅದು ಲಸಿಕೆಯನ್ನೇ ಕೊಂದುಬಿಡಬಹುದು. ಎಂಟು ದಾಟಿದ ಮೇಲೆ ಹಾಕಿದರೆ ಲಸಿಕೆಗೆ ಎದುರಾಗಿ ಮೈ ಮಾಡಿಕೊಂಡ ಪ್ರತಿಕಾಯಗಳು ವರ್ಷಗಟ್ಟಲೆ ರಕ್ತದಲ್ಲಿ ಉಳಿದು, ಮುಂದೆ ಮಾರುವಾಗ ಮಾಡುವ ಪರೀಕ್ಷೆಯಲ್ಲಿ ಒಳ್ಳೆಯ ಎಮ್ಮೆಯೂ ರೋಗಿಯಾಗಿ ಕಾಣುತ್ತದೆ. ಹೋರಿಗರುವಿಗೆ ಬೇಡವೇ ಬೇಡ, ವೃಷಣದಲ್ಲಿ ಕೂತು ಬಾವು ತರಬಹುದು. ಗಬ್ಬದ ದನಕ್ಕೆ ಬೇಡ ಎಂದು ಮೇಲೆಯೇ ಹೇಳಿದೆ.

ನಾಲ್ಕು ತಿಂಗಳ ಕಿಂಡಿ ಇದು, ಸಣ್ಣದು. ಕಬ್ಬಿನ ಕಟಾವಿಗೆ ಊರು ಬಿಟ್ಟ ತಿಂಗಳುಗಳಲ್ಲಿ ಕರು ಎಂಟು ದಾಟಿಬಿಡುತ್ತದೆ. ಕರು ಹುಟ್ಟಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗೀಚಿಟ್ಟು, ನಾಲ್ಕು ತುಂಬಿದ ದಿನ ದನದ ದವಾಖಾನೆಗೆ ಹೇಳಿ.

ಲಸಿಕೆ ಹಾಕುವ ದಿನ ಏನೇನು ಕೆಡುತ್ತದೆ?

ಸೀಸೆಯ ತಳದಲ್ಲಿ ಕಾಣುವುದು ಬಿಳಿ ಬಿಲ್ಲೆ, ಒಣಗಿಸಿದ ಜೀವಂತ ಬ್ಯಾಕ್ಟೀರಿಯಾ. ಒಂದು ಡೋಸ್ 2 ಮಿಲಿ, ಅದರಲ್ಲಿ ಕನಿಷ್ಠ 4,000 ಕೋಟಿ ಜೀವಂತ ಕಣ ಇರಬೇಕು. ಸತ್ತವು ಲೆಕ್ಕಕ್ಕಿಲ್ಲ. ಕೆಡುವುದೆಲ್ಲ ಇವುಗಳನ್ನು ನಾವೇ ಕೊಲ್ಲುವುದರಿಂದ.

ಮೊದಲ ಕೊಲೆ ಬಿಸಿ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಸೀಸೆಯನ್ನು ಏಪ್ರಿಲ್ ತಿಂಗಳ ಇಂಡಿ, ಸಿಂದಗಿಯ ಬಿಸಿಲಲ್ಲಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಓಣಿ ಸುತ್ತಿದರೆ ಅದರಲ್ಲಿ ಉಳಿಯುವುದು ನೀರು. ಬಿಲ್ಲೆ ಕರಗಿಸುವ ದ್ರಾವಕವೂ ತಣ್ಣಗಿರಬೇಕು. ಬೈಕಿನ ಡಿಕ್ಕಿಯಲ್ಲಿ ಕಾದ ದ್ರಾವಕವನ್ನು ತಂಪು ಸೀಸೆಗೆ ಸುರಿಯುವುದು ಬಹಳ ಕಡೆ ನಡೆಯುವ ತಪ್ಪು.

5 ಡೋಸಿನ ಸೀಸೆಯಾದರೆ 10 ಮಿಲಿ ದ್ರಾವಕ ಹಾಕಿ, ನೊರೆ ಬರುವಂತೆ ಕುಲುಕದೆ ಅಂಗೈಯಲ್ಲಿ ನಿಧಾನ ಉರುಳಿಸಿ. ಬಿಲ್ಲೆ ಕರಗಿ ತೆಳು ಮಜ್ಜಿಗೆಯಂತೆ ಮಬ್ಬಾಗುತ್ತದೆ. ಕರಗಿಸಿದ ಮೇಲೆ ಲೇಬಲ್ಲಿನಲ್ಲಿ ಬರೆದ ಹೊತ್ತಿನೊಳಗೆ ಮುಗಿಸಬೇಕು, ಬೆಳಿಗ್ಗೆ ಕಲಸಿದ್ದನ್ನು ಸಂಜೆಗೆ ಹಾಕುವಂತಿಲ್ಲ. ಹಾಗಾಗಿ ಐದು ಕರು ಒಂದೆಡೆ ಕೂಡಿದ ಮೇಲೆ ಸೀಸೆ ಒಡೆಯುವುದು ಜಾಣತನ. ಒಬ್ಬರ ಅಂಗಳದಲ್ಲಿ ಎಲ್ಲರೂ ಕರು ತಂದರೆ ಅರ್ಧ ಕೆಲಸ ಆದಂತೆ.

ಎರಡನೇ ಕೊಲೆ ಸ್ಪಿರಿಟ್. ಸಿರಿಂಜು, ಸೂಜಿಗೆ ಸ್ಪಿರಿಟ್ ಮುಟ್ಟಿಸಬೇಡಿ. ಚರ್ಮ ಒರೆಸಿದರೆ ಪೂರ್ತಿ ಆರಲು ಬಿಡಿ. ಮೂರನೆಯದು ಆಂಟಿಬಯೊಟಿಕ್: ಆ ವಾರ ಕರುವಿಗೆ ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ಲಸಿಕೆ ಮುಂದೂಡುತ್ತಾರೆ.

ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದಂತೆ ಎತ್ತಿ ಚರ್ಮದಡಿ ಹಾಕುತ್ತಾರೆ. ಕರುವಿಗೊಂದು ಹೊಸ ಸೂಜಿ. ಹಿಡಿಯಲು ಇಬ್ಬರು ಬೇಕು, ಕಿವಿ ಹಿಡಿದು ಒಬ್ಬ ನಿಂತರೆ ಸಾಲದು; ಕರು ಕೊಸರಿದಾಗಲೇ ಸೂಜಿ ಕೈಗೆ ಚುಚ್ಚುವುದು. ಕೈಗವಸು, ಕನ್ನಡಕ, ತುಂಬುತೋಳು ಕಡ್ಡಾಯ, ಬಸುರಿಯರು ಆ ಕಡೆ ಸುಳಿಯಬಾರದು. ಒಂದೆರಡು ದಿನ ಕರು ಮಂಕಾಗಿ, ಹಾಕಿದ ಜಾಗ ಬಾತರೆ ಹೆದರಬೇಡಿ.

ಕಿವಿಯೋಲೆಯ 12 ಅಂಕಿ ಮತ್ತು ತಾರೀಖು ದಾಖಲಾಗುವುದನ್ನು ನಿಂತು ನೋಡಿ. ಓಲೆ ಬಿದ್ದ ಎಮ್ಮೆ ನಾಳೆ ಪಾಸಿಟಿವ್ ಬಂದರೆ ಅದು ಲಸಿಕೆಯದೋ ರೋಗದ್ದೋ ಎಂದು ಯಾರೂ ಹೇಳಲಾರರು.

ಸೂಜಿ ಕೈಗೆ ಚುಚ್ಚಿತು. ಈಗ?

ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಕಣ್ಣಿಗೆ ಸಿಡಿದಿದ್ದರೆ ಬರೀ ನೀರಲ್ಲಿ ಅಷ್ಟೇ ಹೊತ್ತು. ಖಾಲಿ ಸೀಸೆ ಎಸೆಯಬೇಡಿ, ಡಾಕ್ಟರಿಗೆ ತಳಿಯ ಹೆಸರು ತೋರಿಸಬೇಕು. ಎಸ್-19 ಆದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಜೊತೆಗೆ ರಿಫಾಂಪಿಸಿನ್ 600 ಮಿಲಿಗ್ರಾಂ ಒಮ್ಮೆ, 21 ದಿನ. ಕಣ್ಣಿಗಾದರೆ ನಾಲ್ಕರಿಂದ ಆರು ವಾರ. ಆರ್‌ಬಿ-51 ಆದರೆ ರಿಫಾಂಪಿಸಿನ್ ಕೆಲಸ ಮಾಡದು. ಬಸುರಿಯರಿಗೆ, ಮಕ್ಕಳಿಗೆ ಔಷಧ ಬೇರೆ. ಡಾಕ್ಟರನ್ನು ಕಾಣದೆ ಗುಳಿಗೆ ನುಂಗಬೇಡಿ. ಆ ದಿನವೇ ಒಮ್ಮೆ ರಕ್ತ ಕೊಟ್ಟು, ಮುಂದೆ 6, 12, 18, 24ನೇ ವಾರ ಪರೀಕ್ಷೆ ಮಾಡಿಸಿ.

ರೋಗವೇ ಬಂದಿದ್ದರೆ ಚಿಕಿತ್ಸೆ ಆರು ವಾರ. ಹತ್ತು ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದವರಿಗೇ ಮರುಕಳಿಸುವುದು ಹೆಚ್ಚು.

ಕುರಿ, ಆಡಿಗೂ ಹಾಕಸಬಹುದೇನು?

ನಮ್ಮ ಭಾಗಕ್ಕೆ ನಿಜಕ್ಕೂ ಬೇಕಾದ ಪ್ರಶ್ನೆ ಇದು, ಉತ್ತರ ಮಾತ್ರ ಸಪ್ಪೆ. ರಾಷ್ಟ್ರೀಯ ಕಾರ್ಯಕ್ರಮದ ಬ್ರುಸೆಲ್ಲಾ ಲಸಿಕೆ ಆಕಳು, ಎಮ್ಮೆಯ ಕರುಗಳಿಗೆ. ವಿಜಯಪುರದ ರೋಗಿಗಳಲ್ಲಿ ಸಿಕ್ಕದ್ದು ಕುರಿ, ಆಡಿನ ಮೆಲಿಟೆನ್ಸಿಸ್. ರೆವ್-1 ಮಂಗೋಲಿಯಾದಿಂದ ಸ್ಪೇನಿನವರೆಗೆ ಬಳಕೆಯಾಗಿದೆ, ಕಣ್ಣಿಗೆ ಒಂದು ಹನಿ ಹಾಕುವ ಪದ್ಧತಿಯೇ ಮೇಲು. ಆದರೆ ಗಬ್ಬದ ಕುರಿಗೆ ಅದು ಕಂದು ಹಾಕಿಸಬಹುದು, ಮತ್ತು ನಮ್ಮ ಸಂಚಾರಿ ಹಿಂಡುಗಳಲ್ಲಿ ಯಾವ ತಿಂಗಳಲ್ಲೂ ಒಂದಷ್ಟು ಗಬ್ಬ ಇದ್ದೇ ಇರುತ್ತವೆ. ಬಹುಮಾನದ ಸ್ಪರ್ಧೆಯವರು ಗಬ್ಬಕ್ಕೆ ಧಕ್ಕೆಯಾಗದ ಲಸಿಕೆ ಕೇಳಿದ್ದು ಇಂಥ ಹಿಂಡುಗಳಿಗಾಗಿಯೇ.

ಅಂಥ ಲಸಿಕೆ ಬರುವವರೆಗೆ: ಸಂತೆಯಿಂದ ತಂದ ಟಗರನ್ನು, ಕುರಿಯನ್ನು ತಿಂಗಳು ಬೇರೆ ಕಟ್ಟಿ ರಕ್ತ ಪರೀಕ್ಷೆ ಮಾಡಿಸಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡ ದನಕ್ಕೂ ಇದೇ ಮಾತು.

ನಿನ್ನೆ ಎಮ್ಮಿ ಕಂದ ಹಾಕಿತು. ಇವತ್ತ ಲಸಿಕಿ ಹಾಕಸಲೇನು?

ಬೇಡ, ಉಪಯೋಗವಿಲ್ಲ. ತಗುಲಿದ ರೋಗವನ್ನು ಈ ಲಸಿಕೆ ಬಿಡಿಸುವುದಿಲ್ಲ. ಬರಿಗೈಯಲ್ಲಿ ಮಾಸು ಎಳೆಯಬೇಡಿ. ಕೈಗೆ ಉದ್ದನೆಯ ಗವಸು ಹಾಕಿ, ಬಿದ್ದ ಕಂದು, ಮಾಸು, ತೊಯ್ದ ಹುಲ್ಲು ಎಲ್ಲವನ್ನೂ ನಾಲ್ಕಡಿ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿ. ತಿಪ್ಪೆಗೆ ಎಸೆದರೆ ನಾಯಿ ಊರೆಲ್ಲ ಎಳೆದಾಡುತ್ತದೆ. ರೋಗಾಣು ಬಿಸಿಲಲ್ಲಿ ಬೇಗ ಸಾಯುತ್ತದೆ, ನೆರಳಿನ ತೇವದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕೊಟ್ಟಿಗೆಯ ಮೂಲೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಎಮ್ಮೆಯನ್ನು ಬೇರೆ ಕಟ್ಟಿ ರಕ್ತ ಪರೀಕ್ಷೆಗೆ ಕೊಡಿ. ಮೊದಲ ಪರೀಕ್ಷೆ ಸ್ವಚ್ಛ ಬಂದರೂ ಮೂರು ವಾರ ಬಿಟ್ಟು ಇನ್ನೊಮ್ಮೆ. ಕಂದು ಹಾಕಿದ ಹೊಸದರಲ್ಲಿ ರಕ್ತ ಸುಳ್ಳು ಹೇಳುವುದುಂಟು.

ಹಾಲು, ಗಿಣ್ಣ, ಪೈಲ್ವಾನರ ಹಸಿ ಹಾಲು?

ಉಕ್ಕು ಬರುವವರೆಗೆ ಕಾಸಿದ ಹಾಲಿನಲ್ಲಿ ಬ್ರುಸೆಲ್ಲಾ ಉಳಿಯುವುದಿಲ್ಲ. ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕು. ಕಾಸಿದ ಹಾಲಿನ ಮೊಸರು, ಬೆಣ್ಣೆಗೆ ಅಂಜಿಕೆಯಿಲ್ಲ. ಗಿಣ್ಣವನ್ನು ಒಳಗೂ ಗಟ್ಟಿಯಾಗುವವರೆಗೆ ಬೇಯಿಸಿದ್ದರೆ ತಿನ್ನಿ. ನಡುವೆ ಹಸಿ ಉಳಿದಿದ್ದರೆ ಮತ್ತೆ ಒಲೆಗೆ ಏರಿಸಿ. ಗರಡಿಯ ಹುಡುಗರು ಕೆಚ್ಚಲಿಗೆ ಲೋಟ ಹಿಡಿದು ನೊರೆಹಾಲು ಕುಡಿಯುವುದು, ಕೂಸಿಗೆ ಆಡಿನ ಹಸಿ ಹಾಲು ಹನಿಸುವುದು ಎರಡನ್ನೂ ಬಿಡಿ. ಕಾಸಿದರೆ ಹಾಲಿನ ಕಸುವು ಹೋಗುತ್ತದೆಂಬ ಮಾತು ಸುಳ್ಳು. ಈ ಜ್ವರ ಬಂದ ಪೈಲ್ವಾನನ ಸೊಂಟದ ಕಸುವು ಹೋಗುವುದು ಮಾತ್ರ ಖರೆ.